ಗಿರಿಜಕ್ಕನ ಮೂರು ‘ಓ’

ಬೀರೂರು ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸುವವರಿಗೆ ಕಾಯುವುದು ಒಂದು ಅಭ್ಯಾಸವೇ ಆಗಿಬಿಡುತ್ತದೆ. ಹೋದ ತಿಂಗಳು ಒಂದು ಸಂಜೆ ತರೀಕೆರೆ ಕಡೆಯ ಗಾಡಿಗಾಗಿ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಓದಲು ತಂದಿದ್ದ ಪತ್ರಿಕೆ ಮುಗಿದಿತ್ತು, ಕಡಲೆಕಾಯಿಯೂ ಮುಗಿದಿತ್ತು. ಇನ್ನೇನು ಮಾಡುವುದೆಂದು ತಲೆಯ ಮೇಲೆ ತೂಗುತ್ತಿದ್ದ ಬೋರ್ಡನ್ನೇ ನೋಡತೊಡಗಿದೆ. ಗಾಡಿಯ ನಂಬರು, ಹೊತ್ತು, ಪ್ಲಾಟ್‌ಫಾರಂ ಎಲ್ಲ ಕೆಂಪಕ್ಷರದಲ್ಲಿ ಸಾಲುಸಾಲಾಗಿ ಕೆಳಗೆ ಹುಟ್ಟಿ, ಮೇಲಕ್ಕೆ ಸರಿದು, ಮಾಯವಾಗುತ್ತಿದ್ದವು. ನೋಡುತ್ತ ನೋಡುತ್ತ ನನ್ನ ಬೆರಳುಗಳು ಮಡಿಲಲ್ಲಿದ್ದ ಬ್ಯಾಗಿನ ಮೇಲೆ ತಮ್ಮಷ್ಟಕ್ಕೆ ತಾವೇ ಆಡತೊಡಗಿದವು. ಪಕ್ಕದಲ್ಲಿದ್ದ ಹೆಂಗಸು, “ಕೈ ಜೋಮು ಹಿಡೀತೇನ್ರೀ?” ಎಂದು ಕೇಳಿದರು. ಹೌದೆಂದೆ. ಇಲ್ಲ, ಈ ಅಂಕಿಗಳು ಹಾಡುತ್ತಿವೆ ಎಂದಿದ್ದರೆ ಆಕೆ ಎದ್ದು ಬೇರೆ ಬೆಂಚಿಗೆ ಹೋಗಿಬಿಡುತ್ತಿದ್ದರು.

ನಿಮಗಾದರೆ ಹೇಳಬಹುದು. ಇಪ್ಪತ್ತು ವರ್ಷಕ್ಕೂ ಹಿಂದೆ ಇಂಥದೇ ಸಾಲುಗಳಲ್ಲಿ ನಾನೊಂದು ಹಾಡು ಕಟ್ಟಿದ್ದೆ. ನನ್ನ ಜೀವಮಾನದಲ್ಲಿ ಕಟ್ಟಿದ ಒಂದೇ ಒಂದು ಹಾಡು ಅದು.

ಅದನ್ನು ಕಟ್ಟಿದ ಪ್ರೋಗ್ರಾಮಿಗೆ ಟ್ರ್ಯಾಕರ್ ಎಂದು ಹೆಸರು. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಲ್ಲಿತ್ತು. ಈಗಿನವುಗಳಂತೆ ಬಣ್ಣವಿಲ್ಲ, ಬಿನ್ನಾಣವಿಲ್ಲ. ಕಪ್ಪು ಪರದೆ, ಅದರ ಮೇಲೆ ಮೇಲಿಂದ ಕೆಳಕ್ಕೆ ನಾಲ್ಕು ಪಟ್ಟಿ. ಯಾವ ಸ್ವರ, ಯಾವ ಸದ್ದು, ಎಷ್ಟು ಜೋರು ಎಂಬುದನ್ನು ಒಂದೊಂದೇ ಸಾಲಿನಲ್ಲಿ ಅಕ್ಷರ, ಅಂಕಿಗಳಲ್ಲಿ ತುಂಬಿಸಬೇಕು. ಆಮೇಲೆ ಒಂದು ಕೀಲಿ ಒತ್ತಿದರೆ ಸಾಲುಗಳು ಮೇಲಕ್ಕೆ ಓಡುತ್ತವೆ, ನಡುವಿನ ಗೆರೆಗೆ ಬಂದ ಸಾಲು ಸದ್ದು ಮಾಡುತ್ತದೆ. ನೋಡಿದವರಿಗೆ ಪಹಣಿಯೊಂದು ಹಾಡುತ್ತಿದೆ ಅನ್ನಿಸಬೇಕು. ಆದರೆ ಅದರ ನಿಜವಾದ ಚಮತ್ಕಾರ ಬೇರೆಯೇ. ಲೋಟದ ಟಣ್ ಅನ್ನುವ ಸದ್ದೋ, ಬಾಗಿಲಿನ ಕಿರುಗುಟ್ಟುವಿಕೆಯೋ, ಯಾವುದಾದರೂ ಒಂದು ಸದ್ದನ್ನು ಒಂದು ಸಲ ಮೈಕಿನಲ್ಲಿ ಹಿಡಿದು ಕೊಟ್ಟರೆ ಸಾಕು; ಅದನ್ನೇ ಏರಿಸಿ, ಇಳಿಸಿ, ಅದರಿಂದಲೇ ಎಲ್ಲ ಸ್ವರಗಳನ್ನೂ ನುಡಿಸುತ್ತಿತ್ತು.

ಆಗ ನಾನು ಕಡೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ಊರು ಅಜ್ಜಂಪುರ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಸಂಜೆಯ ಗಾಡಿಯಲ್ಲಿ ಮರಳುವುದು. ಇನ್‌ಸ್ಟಿಟ್ಯೂಟ್ ಅಂದರೆ ಮಹಡಿಯ ಮೇಲಿನ ಒಂದು ಉದ್ದ ಕೋಣೆ. ಎಂಟು ಟೈಪ್‌ರೈಟರು, ಎರಡು ಕಂಪ್ಯೂಟರು. ಕೆಳಗಡೆ ಹಿಟ್ಟಿನ ಗಿರಣಿ. ಗಿರಣಿ ಓಡಿದಾಗ ನಮ್ಮ ನೆಲ ನಡುಗುತ್ತಿತ್ತು, ಬೆಂಚಿನ ಮೇಲಿಟ್ಟ ಪೆನ್ನು ತಾನಾಗಿ ನಡೆದು ಕೆಳಗೆ ಬೀಳುತ್ತಿತ್ತು. ಹಿಟ್ಟಿನ ದೂಳು ಕಿಟಕಿಯಿಂದ ಏರಿಬಂದು ಕೀಬೋರ್ಡಿನ ಸಂದಿಗೆಲ್ಲ ಸೇರುತ್ತಿತ್ತು. ಇನ್‌ಸ್ಟಿಟ್ಯೂಟಿನ ಯಜಮಾನರು ಕಂಪ್ಯೂಟರಿಗೆ ದಿನಾ ಬೆಳಗ್ಗೆ ಕೈಮುಗಿದು, ಆಮೇಲೆ ಬಣ್ಣ ಬಳಿಯುವ ಬ್ರಷ್ಷಿನಲ್ಲಿ ಅದರ ಹಿಟ್ಟು ಕೊಡವುತ್ತಿದ್ದರು.

ಸಂಗೀತದ ವಿಷಯದಲ್ಲಿ ನನ್ನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ನಾಡಗೀತೆಗೆ ಸಾಲಾಗಿ ನಿಲ್ಲಿಸಿದಾಗ ನಮ್ಮ ಟೀಚರು ನನ್ನ ಹತ್ತಿರ ಬಂದು, “ನೀನು ಬರೀ ಬಾಯಾಡಿಸಮ್ಮ, ಸಾಕು” ಎಂದಿದ್ದರು. ಮೂರು ವರ್ಷ ಹಾಗೇ ಬಾಯಾಡಿಸಿದೆ. ಆದ್ದರಿಂದಲೇ ಇರಬೇಕು, ಗಂಟಲೇ ಬೇಡದ ಈ ಪ್ರೋಗ್ರಾಮು ಕಂಡಾಗ ನನಗೆ ಅಷ್ಟು ಹಿಗ್ಗಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗಿಯರೆಲ್ಲ ಮನೆಗೆ ಹೋದ ಮೇಲೆ ಕೂತು, ಟೈಪ್‌ರೈಟರಿನ ಗಂಟೆಯನ್ನು ಮೈಕಿನಲ್ಲಿ ಹಿಡಿದು, ಅದರಲ್ಲಿ ಏನೇನೋ ನುಡಿಸುತ್ತಿದ್ದೆ. ಹಾಡು ಅನ್ನುವಂಥದ್ದೇನೂ ಹುಟ್ಟುತ್ತಿರಲಿಲ್ಲ. ಕೇಳಿದ ಯಜಮಾನರು, “ಫೈರ್ ಇಂಜಿನ್ ಬಂತೇನಮ್ಮಾ?” ಎಂದು ಒಂದು ಸಲ ಕಿಟಕಿಯಿಂದ ಇಣುಕಿ ನೋಡಿದ್ದೂ ಉಂಟು.

ಹಾಡು ಹುಟ್ಟುತ್ತಿದ್ದದ್ದು ಕೆಳಗಡೆ, ಗಿರಣಿಯಲ್ಲಿ.

ಗಿರಣಿ ಗಿರಿಜಕ್ಕನದು. ಗಂಡ ತೀರಿಕೊಂಡ ಮೇಲೆ ಮೋಟಾರು, ಬೆಲ್ಟು, ಕಲ್ಲು ಎಲ್ಲವನ್ನೂ ತಾನೇ ಕಲಿತು ನಡೆಸಿಕೊಂಡು ಬಂದವಳು. ಹಣೆಯ ಮೇಲೆ ಅಗಲವಾದ ವಿಭೂತಿ. ಬೆಳಗ್ಗೆ ವಿಭೂತಿ ಮಾತ್ರ ಬೆಳ್ಳಗಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮುಖವೆಲ್ಲ ಬೆಳ್ಳಗಾಗಿ ವಿಭೂತಿ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಬೇರೆಯವರು ಕೈಸನ್ನೆಯಲ್ಲಿ ಮಾತಾಡುತ್ತಿದ್ದರೆ ಗಿರಿಜಕ್ಕ ಮಾತ್ರ ಬಾಯಲ್ಲೇ ಮಾತಾಡುತ್ತಿದ್ದಳು, ಎಲ್ಲರಿಗೂ ಕೇಳುತ್ತಿತ್ತು. ಹಾಗೆಂದು ಕಿರುಚು ದನಿಯಲ್ಲ. ತುಂಬಿದ ದನಿ. ಮೋಟಾರಿನ ಶ್ರುತಿಗೆ ತನ್ನ ದನಿ ಸೇರಿಸಿ ಹಾಡಲು ಶುರು ಮಾಡಿದಳೆಂದರೆ ರಾಗಿ ಚೀಲ ಹೊತ್ತು ನಿಂತವರು ಚೀಲ ಇಳಿಸುವುದನ್ನೇ ಮರೆಯುತ್ತಿದ್ದರು.

ಸುತ್ತಲಿನ ಮನೆಗಳಲ್ಲಿ ತೊಟ್ಟಿಲು ಶಾಸ್ತ್ರವೆಂದರೆ ಅವಳೇ ಹಾಡಬೇಕು. ಹಾಡನ್ನು ಮೊದಲೇ ಕಟ್ಟಿಕೊಂಡು ಹೋಗುವ ಪದ್ಧತಿ ಅವಳದಲ್ಲ. ಮಗುವಿನ ಮುಖ ನೋಡಿ, ಹೆಸರು ಕೇಳಿ, ನಿಂತಲ್ಲೇ ಕಟ್ಟುತ್ತಿದ್ದಳು. ಮಗುವಿನ ಮೂಗು ಚಪ್ಪಟೆಯಾಗಿದ್ದರೆ ಅದೂ ಹಾಡಿನಲ್ಲಿ ಬರುತ್ತಿತ್ತು. ಅಂಥವಳ ಒಬ್ಬಳೇ ಮಗಳು ಸವಿತಾ ದೇವನೂರಿಗೆ ಮದುವೆಯಾಗಿ ಹೋಗಿ ಬಸುರಿಯಾದಾಗ ಗಿರಣಿಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: “ಮೊಮ್ಮಗೂಗೆ ಏನ್ ಹಾಡು ಗಿರಿಜಕ್ಕಾ?”

“ಬರ್ಲಿ ತಡಿ. ಮಕ ನೋಡ್ದೆ ಹೆಂಗ್ ಕಟ್ಲಿ?” ಎನ್ನುತ್ತಿದ್ದಳು.

ಮಗಳಿಗೆ ಏಳನೇ ತಿಂಗಳು ನಡೆಯುವಾಗ ಗಿರಿಜಕ್ಕನ ಕತ್ತಿನಲ್ಲಿದ್ದ ಗಂಟು ದೊಡ್ಡದಾಯಿತು. ಬಹಳ ವರ್ಷದಿಂದ ಇದ್ದ ಗಂಟೇ. ಸೆರಗು ಮುಚ್ಚಿಕೊಂಡು ಕಾಲ ಹಾಕಿದ್ದಳು. ಈಗ ನುಂಗುವುದು ಕಷ್ಟವಾಯಿತು. ಶಿವಮೊಗ್ಗದ ಡಾಕ್ಟರು ತಡ ಮಾಡುವಂತಿಲ್ಲ, ತೆಗೆಯಲೇಬೇಕು ಎಂದರು. ದನಿಯ ನರ ಆ ಗಂಟಿನ ಪಕ್ಕದಲ್ಲೇ ಹಾದುಹೋಗಿದೆ, ನಾವು ಜೋಪಾನ ಮಾಡುತ್ತೇವೆ, ಆದರೂ ದನಿ ಮೊದಲಿನಂತೆ ಬರುತ್ತದೆಂದು ಮಾತು ಕೊಡಲಾರೆವು ಎಂದೂ ಹೇಳಿದರು.

ಅದನ್ನು ಅವಳು ನನಗೆ ಹೇಳಿದ್ದು ಮಹಡಿಯ ಮೆಟ್ಟಿಲ ಮೇಲೆ ಕೂತು. ಏನು ಸಮಾಧಾನ ಹೇಳಬೇಕೋ ತಿಳಿಯದೆ, ಇಪ್ಪತ್ತೆರಡು ವರ್ಷದ ನಾನು ಒಂದು ಉಪಾಯ ಹೇಳಿದೆ: “ಅಕ್ಕಾ, ಹಾಡನ್ನ ಈಗ್ಲೇ ಟೇಪಿನಲ್ಲಿ ಹಾಡಿ ಇಟ್ಬಿಡಿ.”

ಅವಳು ನನ್ನ ಬಾಯಿ ಮುಚ್ಚುವುದೊಂದು ಬಾಕಿ. “ಹುಟ್ಟದಿರೋ ಮಗೂಗೆ ಜೋಗುಳ ಹಾಡ್ತಾರೇನೇ? ಖಾಲಿ ತೊಟ್ಲು ತೂಗ್ದಂಗೆ ಆಗುತ್ತೆ. ಬಿಡ್ತು ಅನ್ನು.”

“ಬಿಡ್ತು. ಹಂಗಾದ್ರೆ ಹಳೇದು ಯಾವುದಾದ್ರೂ ಹಾಡಿ.”

“ಇನ್ನೊಬ್ರ ಮಗೂಗೆ ಹೊಲ್ದಿರೋ ಅಂಗಿ ನನ್ನ ಮೊಮ್ಮಗೂಗ್ಯಾಕೆ?”

ಆಗ ನನಗೆ ಟ್ರ್ಯಾಕರಿನ ನೆನಪಾಯಿತು. ಹಾಡು ಬೇಡ, ಬರೀ ದನಿ ಸಾಕಲ್ಲ! “ಅಕ್ಕಾ, ಬರೀ ‘ಓ’ ಅನ್ನಿ. ಆಮೇಲೆ ಅದ್ರಲ್ಲೇ ಹಾಡು ಮಾಡ್ಬೋದು. ‘ಓ’ ಅಂದ್ರೆ ಜೋಗುಳ ಅಲ್ಲ ತಾನೆ?”

ಗಿರಿಜಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. “ಅಲ್ಲ. ಯಾರೋ ಕರುದ್ರು, ನಾನು ಓ ಅಂದೆ. ಅಷ್ಟೇ. ಅದ್ರಲ್ಲೇನೂ ದೋಷ ಇಲ್ಲ.”

ಇಷ್ಟು ಇತ್ಯರ್ಥವಾದರೂ ‘ಓ’ ಹಿಡಿಯುವುದು ಸುಲಭವಾಗಲಿಲ್ಲ. ಕರೆಂಟಿದ್ದರೆ ಗಿರಣಿ ಓಡುತ್ತದೆ, ಗಿರಣಿ ಓಡಿದರೆ ಮಹಡಿಯೆಲ್ಲ ಗಡಗಡ. ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಕಂಪ್ಯೂಟರೂ ನಿಲ್ಲುತ್ತದೆ. ಕೊನೆಗೆ ಒಂದು ದಿನ ಕರೆಂಟಿರುವಾಗಲೇ ಗಿರಣಿ ನಿಲ್ಲಿಸಿದಳು. ಹೊರಗೆ ಡಬ್ಬ, ಚೀಲ ಇಟ್ಟುಕೊಂಡು ಕಾಯುತ್ತಿದ್ದ ಹತ್ತು ಹನ್ನೆರಡು ಜನ ಏನಾಯಿತೆಂದು ಕೇಳಿದರು. “ಸ್ವಲ್ಪ ಓ ಅಂದು ಬತ್ತೀನಿ, ಇರಿ” ಎಂದು ಹೇಳಿ ಮೆಟ್ಟಿಲೇರಿ ಬಂದಳು. ಎಮ್ಮೆದೊಡ್ಡಿಯಿಂದ ಜೋಳ ಹೊತ್ತು ತಂದಿದ್ದ ಮುದುಕರೊಬ್ಬರು, “ಏನಂತೆ ಈ ಯಮ್ಮಂಗೆ?” ಎಂದು ಕಿಟಕಿಯಲ್ಲಿದ್ದ ನನ್ನನ್ನೇ ಕೇಳಿದರು.

ಮೈಕಿನ ಮುಂದೆ ಕೂತು ಗಿರಿಜಕ್ಕ ಸೆರಗು ಸರಿಮಾಡಿಕೊಂಡಳು, ಫೋಟೋ ತೆಗೆಸಿಕೊಳ್ಳುವವರ ಹಾಗೆ. ಮೂರು ಸಲ ‘ಓ’ ಅಂದಳು. ಒಂದು ಸಮದ್ದು, ಒಂದು ಮೇಲಿನದು, ಒಂದು ಕೆಳಗಿನದು. ಒಂದೇ ‘ಓ’ವನ್ನು ತೀರಾ ಮೇಲಕ್ಕೆ ಏರಿಸಿದರೆ ಸೊಳ್ಳೆಯಂತೆ, ಇಳಿಸಿದರೆ ಎಮ್ಮೆಯಂತೆ ಕೇಳುತ್ತದೆಂದು ಟೈಪ್‌ರೈಟರಿನ ಗಂಟೆಯ ಅನುಭವದಿಂದ ನನಗೆ ಗೊತ್ತಿತ್ತು, ಅದಕ್ಕೇ ಮೂರು. ಎಲ್ಲ ಸೇರಿ ಹತ್ತು ಹನ್ನೆರಡು ಸೆಕೆಂಡು. ಎದ್ದು ಕೆಳಗೆ ಹೋಗಿ ಗಿರಣಿ ಹಾಕಿದಳು. ಎರಡು ದಿನ ಬಿಟ್ಟು ಶಿವಮೊಗ್ಗಕ್ಕೆ ಹೋದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟು ಹೋಯಿತು, ಅದರೊಂದಿಗೆ ದನಿಯೂ ಹೋಯಿತು. ಪೂರಾ ಹೋಗಲಿಲ್ಲ, ಬಾಯಿಬಿಟ್ಟರೆ ಬಿರುಕು ಬಿಟ್ಟ ಪೈಪಿನಲ್ಲಿ ಗಾಳಿ ಹೊರಟಂತೆ ಏನೋ ಒಂದು ಬರುತ್ತಿತ್ತು. ಆರು ತಿಂಗಳು ನೋಡೋಣ ಎಂದರು ಡಾಕ್ಟರು. ಗಿರಿಜಕ್ಕ ಮನೆಗೆ ಬಂದವಳು ಮಾತು ನಿಲ್ಲಿಸಿಬಿಟ್ಟಳು. ಗಿರಣಿಗೆ ಕೆಲಸದ ಹೆಂಗಸೊಬ್ಬಳನ್ನು ಇಟ್ಟು, ತಾನು ಹಿಂದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ನೋಡಲು ಬಂದವರು, “ಅಯ್ಯೋ, ಎಂಥಾ ದನಿ ಇತ್ತಲ್ಲಾ!” ಎಂದು ಅವಳ ಮುಂದೆಯೇ ಲೊಚಗುಟ್ಟುತ್ತಿದ್ದರು. ಸತ್ತವರ ಮನೆಗೆ ಬಂದಂತೆ ಬಂದು, ಕಾಫಿ ಕುಡಿದು ಹೋಗುತ್ತಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. “ನಿಮ್ಮಮ್ಮಂಗೇ ಹುಷಾರಿಲ್ಲ, ಇಲ್ಲೇ ಆಗ್ಲಿ” ಎಂದು ಬೀಗರು ಸವಿತಳನ್ನು ದೇವನೂರಿನಲ್ಲೇ ಉಳಿಸಿಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಅದು ಗಿರಿಜಕ್ಕನನ್ನು ಇನ್ನಷ್ಟು ಒಳಕ್ಕೆ ತಳ್ಳಿತು.

ಎರಡು ಸಲ ಬಾಗಿಲು ತಟ್ಟಿದೆ. ಕಿಟಕಿಯಿಂದಲೇ ಕೈಯಾಡಿಸಿ ಕಳಿಸಿದಳು.

ಮಗು ಹುಟ್ಟಿದ ಸುದ್ದಿ ಬಂದ ಮಾರನೇ ದಿನ, ನಾನು ಒಬ್ಬಳೇ ಕೂತು ಬುತ್ತಿ ಬಿಚ್ಚುತ್ತಿದ್ದಾಗ, ಗಿರಿಜಕ್ಕ ಮೆಟ್ಟಿಲೇರಿ ಬಂದು ಬಾಗಿಲಲ್ಲಿ ನಿಂತಳು. ಕತ್ತಿಗೆ ಬಿಳಿ ಬಟ್ಟೆ ಸುತ್ತಿದ್ದಳು. ಕೈಯಲ್ಲೊಂದು ಚೀಟಿ. ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ‘ಹೆಣ್ಣು ಮಗು. ನನ್ನ ಓ ಇದೆಯಾ?’

ಇತ್ತು. ಆ ದಿನವೇ ಶುರು ಮಾಡಿದೆವು. ತೊಟ್ಟಿಲು ಶಾಸ್ತ್ರಕ್ಕೆ ಇನ್ನೂ ಎರಡು ತಿಂಗಳಿತ್ತು.

ಸಂಗೀತ ಬಲ್ಲವಳಿಗೆ ದನಿಯಿಲ್ಲ, ಕೀಲಿ ಒತ್ತುವವಳಿಗೆ ಸಂಗೀತ ಬಾರದು. ನಮ್ಮಿಬ್ಬರ ಮಧ್ಯೆ ಅವಳ ಬಲಗೈ ಒಂದೇ ಭಾಷೆ. ಅಂಗೈ ಮೇಜಿನ ಮಟ್ಟದಲ್ಲಿದ್ದರೆ ಕೆಳಗಿನ ಸ್ವರ, ಗಲ್ಲದ ಹತ್ತಿರ ಬಂದರೆ ಸಮ, ಹಣೆಯ ವಿಭೂತಿ ದಾಟಿದರೆ ಮೇಲಿನದು. ಅವಳು ಕೈ ಇಡುವುದು, ನಾನು ಒಂದು ಸ್ವರ ತುಂಬಿಸಿ ನುಡಿಸುವುದು, ಅವಳು ತಲೆಯಾಡಿಸುವುದು. ನಾನು ಅಳಿಸಿ ಇನ್ನೊಂದು ತುಂಬಿಸುವುದು. ಮೊದಲ ದಿನ ಒಂದು ಗಂಟೆಯಲ್ಲಿ ನಾಲ್ಕು ಸ್ವರ ಸಿಕ್ಕವು. ಅದರಲ್ಲಿ ಒಂದನ್ನು ಮಾರನೇ ದಿನ ಬಂದು ತೆಗೆಸಿದಳು. ತಾಳಕ್ಕೆ ಹಿಟ್ಟಿನ ಡಬ್ಬದ ಮೇಲೆ ಬೆರಳಲ್ಲಿ ತಟ್ಟಿದ ಸದ್ದನ್ನೇ ಹಾಕಿದೆವು.

ಅವಳ ಸ್ವರಗಳು ಕೀಲಿಗಳಿಗೆ ಸಿಕ್ಕುವಂಥವಲ್ಲ ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಅಂಗೈ ಗಲ್ಲದಿಂದ ಹಣೆಗೆ ನೆಗೆಯುತ್ತಿರಲಿಲ್ಲ, ಜಾರಿಕೊಂಡು ಹೋಗುತ್ತಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಆಜ್ಞೆ ಟ್ರ್ಯಾಕರಿನಲ್ಲೂ ಉಂಟು. ಎಷ್ಟು ಬೇಗ ಜಾರಬೇಕೆಂದು ಅಂಕಿಯಲ್ಲಿ ಹೇಳಬೇಕು. ಮೂರು ಕೊಟ್ಟರೆ ತಡ, ಐದು ಕೊಟ್ಟರೆ ಅವಸರ. ನಾಲ್ಕು ಕೊಟ್ಟಾಗ ಅವಳ ಹುಬ್ಬು ಒಂದು ಚೂರು ಮೇಲೇರಿತು. ಆ ಹುಬ್ಬಿಗಾಗಿ ನಾನು ಎಷ್ಟೋ ದಿನ ಊಟ ಬಿಟ್ಟಿದ್ದೇನೆ.

ಹಾಡಿನ ಮೂರನೇ ಸಾಲಿಗೆ ಬಂದಾಗ ಸಿಕ್ಕಿಕೊಂಡೆವು. ಅಲ್ಲಿ ಅವಳ ಕೈ ಮೇಲಕ್ಕೆ ಹೋಗಿ, ಅಲ್ಲೇ ಸ್ವಲ್ಪ ನಡುಗಿ, ಒಂದು ಸುತ್ತು ಸುತ್ತಿ ಇಳಿಯುತ್ತಿತ್ತು. ಮೂರು ದಿನ ನಾನು ಏನು ತುಂಬಿಸಿದರೂ ತಲೆಯಾಡಿಸಿದಳು. ನಾಲ್ಕನೇ ದಿನ ನಾನು ಸುಸ್ತಾಗಿ, ಒಂದು ಸ್ವರವನ್ನು ಎಲ್ಲೋ ಹಾಕಿಬಿಟ್ಟೆ. ಅದನ್ನು ಕೇಳಿ ಗಿರಿಜಕ್ಕ ತಡೆಯಲಾರದೆ ಮೇಜಿಗೆ ಹೊಡೆದಳು.

“ಅಯ್ಯೋ, ಹಂಗಲ್ವೇ ದಡ್ಡಿ!”

ಆಪರೇಷನ್ ಆದ ಮೇಲೆ ಅವಳು ಆಡಿದ ಮೊದಲ ಪೂರ್ತಿ ಮಾತು ಅದು. ಒಡೆದ ದನಿ, ಒರಟು ದನಿ. ಕೆಳಗೆ ಗಿರಣಿ ಓಡುತ್ತಿದ್ದರಿಂದ ಅರ್ಧ ಮುಳುಗಿಹೋದ ದನಿ. ಆದರೆ ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳಿತು. ಅವಳು ಬಾಯ ಮೇಲೆ ಸೆರಗಿಟ್ಟುಕೊಂಡಳು. ನಾನು ಪರದೆಯನ್ನೇ ನೋಡುತ್ತ, ಏನೂ ಆಗಿಲ್ಲವೆಂಬಂತೆ, “ಹೆಂಗೆ ಮತ್ತೆ? ಹೇಳಿ” ಎಂದೆ. ಅವಳು ಹೇಳಿದಳು. ಆ ದಿನದಿಂದ ಕೈಯ ಜೊತೆಗೆ ಮಾತೂ ಸೇರಿಕೊಂಡಿತು, ಮಹಡಿಯ ಮೇಲೆ ಮಾತ್ರ. ಮೆಟ್ಟಿಲಿಳಿದರೆ ಮತ್ತೆ ಮೂಕಿ.

ಆ ಸಂಜೆಯೇ ಮೂರನೇ ಸಾಲು ಕೇಳಿ ಸರಿಯೆಂದು ತಲೆದೂಗಿದಳು. ತೊಟ್ಟಿಲು ಶಾಸ್ತ್ರಕ್ಕೆ ಒಂದು ವಾರ ಮೊದಲು ಹಾಡು ಮುಗಿಯಿತು. ಪದಗಳಿಲ್ಲ, ಒಂದೂವರೆ ನಿಮಿಷದ ‘ಓ’ಗಳು. ಅವಳ ಹಳೆಯ, ತುಂಬಿದ ದನಿ. ಕಂಪ್ಯೂಟರಿನಿಂದ ತಂತಿ ಎಳೆದು ಅದನ್ನು ಕ್ಯಾಸೆಟ್ಟಿಗೆ ಇಳಿಸಿ, ಮನೆಗೆ ಒಯ್ದು ಹತ್ತು ಸಲ ಕೇಳಿದೆ. ನನ್ನಮ್ಮ, “ಯಾರೇ ಹಾಡ್ತಿರೋದು?” ಎಂದು ಅಡುಗೆಮನೆಯಿಂದ ಕೇಳಿದಾಗ, “ನಾನು ಮಾಡಿದ್ದು” ಎಂದು ಹೇಳಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ. ಅಮ್ಮ ಕೇಳಿದ್ದು ಯಾರು ಹಾಡುತ್ತಿದ್ದಾರೆ ಎಂದು.

ದೇವನೂರಿನ ಮನೆ ತುಂಬ ಜನ. ಪಡಸಾಲೆಯ ನಡುವೆ ತೊಟ್ಟಿಲು ಕಟ್ಟಿದ್ದರು. ಬಾಣಂತಿ ಸವಿತಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದಳು. ಮಗುವಿನ ಅತ್ತೆ ಕಿವಿಯಲ್ಲಿ ಶಾಂಭವಿ ಎಂದು ಹೆಸರು ಹೇಳಿದಳು. ಹಾಡಿನ ಹೊತ್ತು ಬಂತು. ಎಲ್ಲರೂ ಗಿರಿಜಕ್ಕನ ಕಡೆ ನೋಡಿ, ಏನೋ ನೆನಪಾದಂತೆ ಬೇರೆ ಕಡೆ ನೋಡಿದರು. ಅವಳು ನನಗೆ ಕಣ್ಸನ್ನೆ ಮಾಡಿದಳು. ನಾನು ಸವಿತಳ ಗಂಡನ ಟೇಪ್‌ರೆಕಾರ್ಡರನ್ನು ತೊಟ್ಟಿಲ ಪಕ್ಕದಲ್ಲಿಟ್ಟು ಗುಂಡಿ ಒತ್ತಿದೆ.

ಮೊದಲ ‘ಓ’ ಬಂತು. ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು, ಇನ್ಯಾರೋ ಅವರನ್ನು ತಿವಿದರು. ಎರಡನೇ ಸಾಲಿನ ಹೊತ್ತಿಗೆ ಎಲ್ಲರಿಗೂ ಗುರುತು ಸಿಕ್ಕಿತು. “ಗಿರಿಜಕ್ಕನ ದನಿ ಕಣ್ರೀ!” ಎಂದರು ಒಬ್ಬರು. ಒಂದಿಬ್ಬರು ಕಣ್ಣೊರೆಸಿಕೊಂಡರು. ನಾನು ಒಳಗೊಳಗೇ ಉಬ್ಬುತ್ತಿದ್ದೆ.

“ನಿಲ್ಸು.”

ಸವಿತಾ ಹೇಳಿದ್ದು. ಅವಳು ನನ್ನನ್ನೇ ನೋಡುತ್ತಿದ್ದಳು. “ನಿಲ್ಸೇ ಅದನ್ನ.”

ನಿಲ್ಲಿಸಿದೆ.

“ಸತ್ತೋದವ್ರ ದನಿ ಹಾಕ್ದಂಗೆ ಹಾಕ್ತಿದೀಯಲ್ಲೇ. ನಮ್ಮಮ್ಮ ಇಲ್ಲೇ ಕೂತಿಲ್ವಾ?” ಎಂದು ಅತ್ತಳು. ಆಮೇಲೆ ತಾಯಿಯ ಕಡೆ ತಿರುಗಿ, “ಅಮ್ಮಾ, ನಂಗೆ ಆ ದನಿ ಬೇಡ. ನಿಂಗೆ ಈಗ ಏನ್ ಬರುತ್ತೋ ಅದ್ರಲ್ಲೇ ಹಾಡು. ಬರ್ದಿದ್ರೆ ಬೇಡ, ಸುಮ್ನೆ ತೊಟ್ಲು ತೂಗು” ಎಂದಳು.

ನನ್ನ ಬೆರಳು ಇನ್ನೂ ಟೇಪಿನ ಗುಂಡಿಯ ಮೇಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಗಿರಿಜಕ್ಕ ಎದ್ದು ಬಂದು, ಕತ್ತಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತೊಟ್ಟಿಲ ಹಗ್ಗ ಹಿಡಿದಳು. ಮಗುವಿನ ಮುಖ ನೋಡಿದಳು.

ರಾಗಿ ಬೀಸೊ ಸದ್ದು ನಿಂತಾಯ್ತು ಶಾಂಭವಿ
ಜೋಳ ಬೀಸೊ ಸದ್ದು ನಿಂತಾಯ್ತು
ಊರ ಹಿಟ್ಟೆಲ್ಲ ಬೀಸಾಯ್ತು ಇನ್ನಾದ್ರೂ
ಕಣ್ಣ ಮುಚ್ಚೆ ನಮ್ಮ ಯಜಮಾನಿ

ಅದನ್ನು ಹಾಡು ಎನ್ನಬಹುದೋ ಇಲ್ಲವೋ. ಮೇಲಿನ ಸ್ವರಗಳಲ್ಲಿ ದನಿ ಹೋಗಿ ಬರೀ ಉಸಿರು ಉಳಿಯುತ್ತಿತ್ತು. ಅಂಥ ಕಡೆ ಅವಳು ನಿಲ್ಲುತ್ತಿರಲಿಲ್ಲ, ಉಸಿರಿನಲ್ಲೇ ದಾಟಿಕೊಂಡು ಹೋಗುತ್ತಿದ್ದಳು. ಎರಡನೇ ಸಲ ಹಾಡಿದಾಗ ಹೆಂಗಸರು ಜೊತೆಗೂಡಿದರು. ‘ಯಜಮಾನಿ’ ಎಂಬಲ್ಲಿ ಎಲ್ಲರೂ ನಕ್ಕರು. ಮಗು ಮಾತ್ರ ಕಣ್ಣು ಮುಚ್ಚಲಿಲ್ಲ. ಅಗಲವಾಗಿ ಬಿಟ್ಟುಕೊಂಡು ಅಜ್ಜಿಯನ್ನು ನೋಡುತ್ತಿತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತೆ. ಕ್ಯಾಸೆಟ್ಟು ನನ್ನ ಕೈಚೀಲದಲ್ಲಿತ್ತು. ಸುಮಾರು ದೂರ ಬಂದ ಮೇಲೆ ಅವಳು ಕೇಳಿದಳು: “ಬೇಜಾರಾಯ್ತೇನೇ?”

“ಇಲ್ಲಕ್ಕ.”

“ಸುಳ್ಳು ಹೇಳ್ಬೇಡ. ಎರಡು ತಿಂಗ್ಳು ಊಟ ಬಿಟ್ಟು ಮಾಡಿದೀಯ, ಬೇಜಾರಾಗ್ದೆ ಇರುತ್ತಾ? ನಂಗೂ ಆಯ್ತು.” ಗಂಟಲು ಸವರಿಕೊಂಡು ಮುಂದುವರಿಸಿದಳು: “ಆದ್ರೆ ಒಂದು ತಿಳ್ಕೋ. ನಾನು ಆ ಎರಡು ತಿಂಗ್ಳು ಬಾಗ್ಲು ಹಾಕ್ಕೊಂಡೇ ಕೂತಿದ್ದಿದ್ರೆ ಇವತ್ತು ಬಾಯಿ ಬಿಡಕ್ಕೆ ಆಗ್ತಿತ್ತೇನು? ನಿನ್ ಮುಂದೆ ಬೈದು ಬೈದು ಅಭ್ಯಾಸ ಆಯ್ತು.”

ಮಾರನೇ ಬೆಳಗ್ಗೆ ನಾನು ಗಾಡಿ ಇಳಿದು ಬರುವ ಹೊತ್ತಿಗೆ ಗಿರಿಜಕ್ಕ ಗಿರಣಿಯಲ್ಲಿದ್ದಳು, ಆ ದನಿಯಲ್ಲೇ ಯಾರನ್ನೋ ಗದರುತ್ತಿದ್ದಳು.

ಇಲ್ಲಿಗೆ ಕಥೆ ಮುಗಿಯಿತು ಎಂದರೆ ನಾನು ಒಳ್ಳೆಯವಳಾಗಿ ಉಳಿಯುತ್ತೇನೆ. ನಿಜ ಹೇಳಬೇಕೆಂದರೆ ಸವಿತಳ ಮೇಲಿನ ಸಿಟ್ಟು ನನ್ನನ್ನು ಬಿಟ್ಟುಹೋಗಲಿಲ್ಲ. ಬಸ್ಸಿನಲ್ಲಿ ಅಷ್ಟು ಹೇಳಿಸಿಕೊಂಡ ಮೇಲೂ. ಅವಳು ಕಡೂರಿಗೆ ಬಂದಾಗ ನನಗೆ ತುರ್ತು ಕೆಲಸ ಬರುತ್ತಿತ್ತು. ಅವಳ ಎರಡನೇ ಮಗುವಿನ ತೊಟ್ಟಿಲಿಗೆ ಕರೆದರೂ ಹೋಗಲಿಲ್ಲ. ನಾನು ಅವಳ ತಾಯಿಯ ದನಿ ಉಳಿಸಿದವಳು, ಅವಳು ಅದನ್ನು ಬೇಡವೆಂದವಳು. ಹೀಗೆ ಮನಸ್ಸಿನಲ್ಲಿ ಒಂದು ಖಾಯಂ ತೀರ್ಪು ಬರೆದಿಟ್ಟುಕೊಂಡಿದ್ದೆ. ಆಮೇಲೆ ನನಗೂ ಮದುವೆಯಾಯಿತು, ತರೀಕೆರೆ ಸೇರಿದೆ, ಅಲ್ಲಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರಾದೆ. ಕಡೂರಿನ ಇನ್‌ಸ್ಟಿಟ್ಯೂಟ್ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂತು. ಹಾಡಿನ ಫೈಲನ್ನು ಮಾತ್ರ ಫ್ಲಾಪಿಯಿಂದ ಸೀಡಿಗೆ, ಸೀಡಿಯಿಂದ ಪೆನ್‌ಡ್ರೈವಿಗೆ ದಾಟಿಸಿಕೊಂಡು ಬಂದೆ. ಎಂದೂ ತೆರೆದು ಕೇಳಲಿಲ್ಲ.

ಬೀರೂರಿನ ಬೆಂಚಿನ ಮೇಲೆ ಬೆರಳಾಡಿದ ದಿನ ಮನೆಗೆ ಹೋದವಳೇ ಅದನ್ನು ಹುಡುಕಿದೆ. ಅಂಥ ಪ್ರೋಗ್ರಾಮುಗಳು ಈಗಲೂ ಪುಕ್ಕಟೆ ಸಿಗುತ್ತವೆ. ಫೈಲು ತೊಂದರೆಯಿಲ್ಲದೆ ತೆರೆದುಕೊಂಡಿತು. ಆ ಭಾನುವಾರ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಕಡೂರಿಗೆ ಹೋದೆ.

ಗಿರಿಜಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಗಿರಣಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಳಗೆ ಕೆಲಸ ಮಾಡುವ ಇಬ್ಬರು ಹೆಂಗಸರಿಗೆ ಹೇಳಿದ್ದನ್ನೇ ಹೇಳುತ್ತಿರುತ್ತಾಳೆ. ದನಿ ಅದೇ, ಒಡೆದದ್ದು, ಒರಟು. ನನಗೆ ಅದು ಒರಟು ಅನ್ನಿಸುವುದು ಯಾವಾಗಲೋ ನಿಂತುಹೋಗಿದೆ. ಇಯರ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿ ಹಾಡು ಹಾಕಿದೆ. ಅವಳು ಪರದೆಯ ಮೇಲೆ ಓಡುವ ಸಾಲುಗಳನ್ನು ನೋಡುತ್ತ ಕೇಳಿದಳು.

“ಯಾರೇ ಇವ್ಳು? ಚೆನ್ನಾಗೈತೆ ದನಿ.”

“ನೀವೇ ಅಕ್ಕ.”

“ನಾನಾ?” ಕಿವಿಯಿಂದ ಇಯರ್‌ಫೋನ್ ತೆಗೆದು, ಅದನ್ನೊಮ್ಮೆ ನೋಡಿ, ಮತ್ತೆ ಸಿಕ್ಕಿಸಿಕೊಂಡಳು. ಪೂರ್ತಿ ಕೇಳಿದಳು. “ಹೌದು ಕಣೇ, ನಾನೇ. ಆದ್ರೆ ಮೂರ್ನೇ ಸಾಲು ತಪ್ಪೈತೆ.”

“ಅಲ್ಲಕ್ಕಾ, ನೀವೇ ಸರಿ ಅಂದಿದ್ರಲ್ಲ!”

“ನಾಕು ದಿನ ಒದ್ದಾಡ್ದೆ ನೀನು, ಪಾಪ. ಅಳೋ ಹಂಗಿದ್ದೆ. ಇನ್ನೇನು ಅನ್ಲಿ?”

ಗಿರಣಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತೆವು. ಅವಳು ಕೈ ಎತ್ತಿದಳು. ಮೇಲಕ್ಕೆ ಹೋಯಿತು, ನಡುಗಿತು, ಒಂದು ಸುತ್ತು ಸುತ್ತಿ ಇಳಿಯಿತು. ಈಗಿನ ಪ್ರೋಗ್ರಾಮಿನಲ್ಲಿ ನಡುಕಕ್ಕೂ ಒಂದು ಆಜ್ಞೆ ಹಾಕುವುದು ನನಗೆ ಗೊತ್ತಿದೆ. ಬಹುಶಃ ಅಂದಿನದರಲ್ಲೂ ಇತ್ತು, ನನಗೆ ತಿಳಿದಿರಲಿಲ್ಲ. ಕಾಲು ಗಂಟೆಯಲ್ಲಿ ಸರಿಹೋಯಿತು. ಕೇಳಿ, ನಿಜವಾಗಿಯೇ ತಲೆದೂಗಿದಳು.

“ಈಗ ಆ ಹುಡ್ಗೀನ ತೆಗ್ದು ನನ್ನ ಹಾಕು” ಎಂದಳು.

“ಅಂದ್ರೆ?”

“ಅವತ್ತು ಮೂರು ಓ ತಗೊಂಡ್ಯಲ್ಲ, ಹಂಗೇ ತಗೋ. ಕೊಡ್ತೀನಿ.”

ಗಿರಣಿ ನಿಲ್ಲಿಸುವ ಮಾತನ್ನೇ ಅವಳು ಎತ್ತಲಿಲ್ಲ. ಒಳಗೆ ಯಾರದೋ ಗೋಧಿ ಬೀಳುತ್ತಿತ್ತು, ಮೋಟಾರು ಗುಂಯ್‌ಗುಡುತ್ತಿತ್ತು. ನಾನು ಮೊಬೈಲನ್ನು ಅವಳ ಬಾಯಿಯ ಹತ್ತಿರ ಹಿಡಿದೆ. ‘ಓ’ ಅಂದಳು. ಮೇಲಿನದು ಬರೀ ಉಸಿರಾಗಿ ಬಂತು. ಇನ್ನೊಂದು ಸಲ ಅನ್ನಿ ಎಂದರೆ, “ಇದೇ ಇರೋದು, ತಗೊಳ್ಳೇ” ಎಂದಳು. ಹಳೆಯ ಮೂರು ‘ಓ’ಗಳನ್ನು ಫೈಲಿನಿಂದ ತೆಗೆದು, ಅವುಗಳ ಜಾಗದಲ್ಲಿ ಹೊಸ ಮೂರನ್ನು ಕೂರಿಸಿದೆ. ಟ್ರ್ಯಾಕರಿನಲ್ಲಿ ಅಷ್ಟೇ ಕೆಲಸ. ಬರೆದ ಸಾಲುಗಳು ಹಾಗೇ ಇರುತ್ತವೆ, ದನಿ ಬದಲಾಗುತ್ತದೆ.

ಇಯರ್‌ಫೋನ್ ಕಿತ್ತು ಕೀಲಿ ಒತ್ತಿದೆ. ಗಿರಣಿಯ ಗುಂಯ್‌ಕಾರವನ್ನೂ ಹೊತ್ತುಕೊಂಡು ಆ ಒಡೆದ ದನಿ ಏರಿತು, ಜಾರಿತು, ಮೂರನೇ ಸಾಲಿನಲ್ಲಿ ನಡುಗಿ ಸುತ್ತಿ ಇಳಿಯಿತು. ನಾನು ಮುಖ ಆ ಕಡೆ ತಿರುಗಿಸಿಕೊಂಡು ಕೂತೆ. ಕಿವಿಗೆ ಬಟ್ಟೆ ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದ ಆ ಎಳೇ ಬಾಣಂತಿ ಅಂದು ಏನನ್ನು ಕೇಳಿದ್ದಳು ಎಂಬುದು ನನಗೆ ಆಗ ತಿಳಿಯಿತು. ಅವಳಿಗೆ ಉಳಿಸಿಟ್ಟದ್ದು ಬೇಕಿರಲಿಲ್ಲ, ಉಳಿದದ್ದು ಬೇಕಿತ್ತು.

“ಸವಿತಂಗೆ ಕಳ್ಸು” ಎಂದಳು ಗಿರಿಜಕ್ಕ.

ನನ್ನ ಫೋನಿನಲ್ಲಿ ಸವಿತಳ ನಂಬರು ಇರಲಿಲ್ಲ. ಇಷ್ಟು ವರ್ಷ ಬೇಕೆನ್ನಿಸಿರಲಿಲ್ಲ. ಗಿರಿಜಕ್ಕ ಒಂದೊಂದೇ ಅಂಕಿ ಹೇಳಿದಳು, ನಾನು ಬರೆದುಕೊಂಡು ಹಾಡು ಕಳಿಸಿದೆ. ಐದು ನಿಮಿಷವೂ ಆಗಿರಲಿಲ್ಲ, ಫೋನ್ ಬಂತು.

“ಯಾರು, ನೀನೇನೇ?” ಎಂದಳು ಸವಿತಾ. “ಅಮ್ಮ ಇದನ್ನ ಯಾವಾಗ ಹಾಡಿದ್ಲು?”

ಇದು ಅವಳು ಹಾಡಿದ್ದಲ್ಲ, ಮೂರು ‘ಓ’ ಅಷ್ಟೇ, ಉಳಿದದ್ದು ನಾನು ಜೋಡಿಸಿದ್ದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಫೋನನ್ನು ಗಿರಿಜಕ್ಕನ ಕೈಗೆ ಕೊಟ್ಟೆ.

“ಈಗ್ಲೇ ಕಣೇ,” ಎಂದಳು ಅವಳು, ಮೋಟಾರಿನ ಸದ್ದಿನ ಮೇಲೆ ದನಿಯೆತ್ತಿ. “ಗಿರಣೀಲಿ ಕೂತಿದ್ದೆ, ಹಾಡ್ದೆ.”